ಮಾಳಿಗೆಯ ಮೇಲೆ ಹರವಿದ ಶಿಮ್ಲಾ ಮಿರ್ಚಿ

ಆ ಕಾಲಕ್ಕೆ ನಮ್ಮ ಕಡೆ ಊಟಕ್ಕೆ ಕೂತವರ ತಾಟಿನಲ್ಲಿ ಪಲ್ಯ ಇಲ್ಲದಿದ್ದರೂ ನಡೆಯುತ್ತಿತ್ತು, ಹಸಿ ಮೆಣಸಿನಕಾಯಿ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತೆಂದರೆ ಮಕ್ಕಳಲ್ಲಿ ಯಾರಾದರೊಬ್ಬರು ಹಿತ್ತಲಿಗೆ ಓಡಿ, ಲಂಗದ ಮಡಿಲಲ್ಲಿ ಹತ್ತು ಹನ್ನೆರಡು ಕಾಯಿ ಹರಿದುಕೊಂಡು ಬರಬೇಕು. ನೀವೂ ಓಡಿರುತ್ತೀರಿ. ಅದೇ ಕೈಯಿಂದ ಮರೆತು ಕಣ್ಣುಜ್ಜಿಕೊಂಡು, ಅಳುತ್ತ ನೀರಿನ ಹಂಡೆಯ ಹತ್ತಿರ ನಿಂತಿರುತ್ತೀರಿ.

ನಮ್ಮದು ಹುಮನಾಬಾದ್ ತಾಲೂಕಿನ ಘಾಟಬೋರಾಳ. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಆರನೆಯ ತರಗತಿಯಲ್ಲಿದ್ದೆ. ಹುಮನಾಬಾದಿನ ಕಾನ್ವೆಂಟಿಗೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಬರುತ್ತಿದ್ದೆ. ಮನೆಯಲ್ಲಿ ಮುತ್ಯಾ, ಆಯಿ, ಅಪ್ಪ, ಅವ್ವ, ಕಾಕಾ, ಹೊಸದಾಗಿ ಬಂದ ಕಾಕಿ, ಮತ್ತೆ ನಾವು ಮಕ್ಕಳು. ನಮ್ಮಲ್ಲಿ ಅಜ್ಜನನ್ನು ಮುತ್ಯಾ ಎಂದೂ ಅಜ್ಜಿಯನ್ನು ಆಯಿ ಎಂದೂ, ಚಿಕ್ಕಪ್ಪ ಚಿಕ್ಕಮ್ಮನನ್ನು ಕಾಕಾ, ಕಾಕಿ ಎಂದೂ ಕರೆಯುತ್ತಾರೆ.

ಮುತ್ಯಾ ಬಾವಿಯ ಹೊಲದಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಬೆಳೆದ ಮನುಷ್ಯ. ತೊಗರಿ, ಉದ್ದು, ಜೋಳ ಎಲ್ಲರೂ ಬೆಳೆಯುತ್ತಿದ್ದರು. ಆದರೆ ಮೆಣಸಿನ ಬೀಜ ಬೇಕಾದರೆ ಸುತ್ತಲ ನಾಲ್ಕೂರಿನವರು ನಮ್ಮ ಪಡಸಾಲೆಯಲ್ಲೇ ಬಂದು ಕೂತು ಚಹಾ ಕುಡಿಯುತ್ತಿದ್ದರು. ಊಟದಲ್ಲೂ ಆತನಿಗೆ ಮೆಣಸಿನಕಾಯಿಯೇ ಬೇಕು. ಒಂದು ತುತ್ತು ರೊಟ್ಟಿ, ಒಂದು ಕಡಿತ ಮೆಣಸಿನಕಾಯಿ. ಹಣೆಯ ಮೇಲೆ ಬೆವರಿನ ಹನಿ ಮೂಡಿದಾಗಲೇ ಊಟ ಮುಗಿದ ಲೆಕ್ಕ.

ಆ ವರ್ಷ ದೀಪಾವಳಿಯ ಹೊತ್ತಿಗೆ ಮುತ್ಯಾನಿಗೆ ಹೊಟ್ಟೆನೋವು ಶುರುವಾಯಿತು. ಉಂಡ ಮೇಲೆ ಹೊಟ್ಟೆ ಹಿಡಿದುಕೊಂಡು, ಮಂಚದ ಮೇಲೆ ಕೂಸಿನ ಹಾಗೆ ಮುದುಡಿ ಮಲಗುತ್ತಿದ್ದ. ಅಪ್ಪ ಹುಮನಾಬಾದಿಗೆ ಕರೆದುಕೊಂಡು ಹೋದರು. ಡಾಕ್ಟರು ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಗುಳಿಗೆ ಬರೆದುಕೊಟ್ಟು, ಖಾರ ಪೂರಾ ಬಂದ್ ಎಂದರಂತೆ. ಹಸಿದೂ ಬಂದ್, ಕೆಂಪುದೂ ಬಂದ್, ಉಪ್ಪಿನಕಾಯಿಯೂ ಬಂದ್.

ಅವ್ವ ಅಂದಿನಿಂದ ಆತನಿಗೆ ಬೇರೆ ಅಡುಗೆ ಮಾಡತೊಡಗಿದಳು. ಬರೀ ಉಪ್ಪು ಹಾಕಿದ ಬೇಳೆ, ಹಾಲು ಅನ್ನ, ಜೋಳದ ಗಂಜಿ. ಮುತ್ಯಾ ತಾಟಿನ ಮುಂದೆ ಕೂತು, ಬೆರಳಿನಿಂದ ಅದನ್ನು ಆಚೆ ಈಚೆ ಸರಿಸಿ, ಕೈ ತೊಳೆದುಬಿಡುತ್ತಿದ್ದ.

"ಒಂದರೆ ರೊಟ್ಟಿ ತಿನ್ರಿ," ಆಯಿ ಬೇಡಿಕೊಳ್ಳುತ್ತಿದ್ದಳು.

"ಖಾರಿಲ್ಲದ ರೊಟ್ಟಿ ತಿನ್ನೋದಂದ್ರ ಮಾತಾಡಸಲಾರದವರ ಮನಿಗಿ ಹೋದಂಗ ನೋಡು. ಹೋಗಬೇಕ್ಯಾಕ, ಸುಮ್ನ ಎದ್ದು ಬರಬೇಕ್ಯಾಕ?"

ಮಾತು ಕೇಳಿ ನಾವು ಮಕ್ಕಳು ನಗುತ್ತಿದ್ದೆವು. ದೊಡ್ಡವರು ನಗುತ್ತಿರಲಿಲ್ಲ. ಮೂರು ರೊಟ್ಟಿ ಉಣ್ಣುತ್ತಿದ್ದವನು ಒಂದಕ್ಕೆ ಇಳಿದ, ಆಮೇಲೆ ಅರ್ಧಕ್ಕೆ. ಅಂಗಿಯ ತೋಳಿನೊಳಗೆ ಕೈ ತೆಳ್ಳಗಾಗಿ ಕಾಣಿಸತೊಡಗಿತು. ಧೋತರ ಉಟ್ಟರೆ ನಿಲ್ಲುತ್ತಿರಲಿಲ್ಲ, ಎರಡು ಹೆಜ್ಜೆಗೊಮ್ಮೆ ಬಿಗಿಗೊಳಿಸಿಕೊಳ್ಳುತ್ತಿದ್ದ. ಗುಳಿಗೆಯಿಂದ ನೋವು ಕಡಿಮೆಯಾಗಿತ್ತು, ಮನುಷ್ಯನೂ ಜೊತೆಗೇ ಕಡಿಮೆಯಾಗುತ್ತಿದ್ದ. ಒಂದು ಮಧ್ಯಾಹ್ನ ಆಯಿ ಅವ್ವನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಬ್ಯಾನಿಲೇ ಹೋಗೋದಲ್ಲ, ಉಪಾಸಲೇ ಹೋಗ್ತಾರ ನೋಡವ್ವಾ ಇವರು."

ಕಾಕಿಯ ತವರು ಬಸವಕಲ್ಯಾಣ. ಪೇಟೆಯಲ್ಲಿ ಬೆಳೆದವಳು, ಬೇಸಿಗೆಯಲ್ಲಿ ಮದುವೆಯಾಗಿ ಬಂದಿದ್ದಳು. ದೀಪಾವಳಿಗೆ ತವರಿಗೆ ಹೋಗಿ ಬರುವಾಗ ಹಳೇ ಡಾಲ್ಡಾ ಡಬ್ಬಿಯಲ್ಲಿ ಹಸಿಮಣ್ಣು ತುಂಬಿ ಹನ್ನೆರಡು ದೊಣ್ಣೆ ಮೆಣಸಿನ ಸಸಿ ತಂದಿದ್ದಳು. ಬಸ್ಸಿನಲ್ಲಿ ಯಾರ ಕಾಲು ತಾಗೀತೋ ಎಂದು ಉದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಳಂತೆ, ರೇಷ್ಮೆ ಸೀರೆಗೆ ಕೆಸರಿನ ದುಂಡನೆಯ ಗುರುತು ಬಿದ್ದಿತ್ತು.

"ಏನದು?" ಎಂದಳು ಆಯಿ.

"ಶಿಮ್ಲಾ ಮಿರ್ಚಿ ರೀ ಅತ್ತಿ. ನಮ್ಮ ಮನ್ಯಾಗ ಭಾಳ ತಿಂತೀವಿ. ಖಾರ ಇರಂಗಿಲ್ರಿ."

"ನಮ್ಮ ಮನ್ಯಾಗ ಮೆಣಸಿನಕಾಯಿಗಿ ಬರಗಾಲ ಬಂದದಂತ ಪ್ಯಾಟ್ಯಾಗಿಂದ ತಂದಿಯೇನು? ಅದೂ ಖಾರಿಲ್ಲದ್ದು!"

ಕಾಕಿ ನಕ್ಕಳು. ಬಚ್ಚಲ ನೀರು ಹರಿದುಹೋಗುವ ಕಡೆ ಹಿತ್ತಲಿನಲ್ಲಿ ಎರಡು ಸಾಲು ಮಾಡಿ, ನನ್ನನ್ನು ಜೊತೆಗಿಟ್ಟುಕೊಂಡು ಹಚ್ಚಿದಳು. ಮುತ್ಯಾನ ಖಾರ ಬಂದಾದ ಮೇಲೆ ಆ ಸಸಿಗಳಿಗೆ ಬೇರೆಯೇ ಬೆಲೆ ಬಂತು. "ಮಾವಾರಿಗಿ ಇದು ನಡೀತದ ಶೈಲಾ, ಜರಾ ದೊಡ್ಡು ಆಗಲಿ," ಎಂದು ನನಗೆ ಹೇಳುತ್ತ ದಿನಾ ಮಣ್ಣು ಸಡಿಲಿಸುತ್ತಿದ್ದಳು. ಆದರೆ ಎಳ್ಳ ಅಮಾವಾಸ್ಯೆಯ ಮರುದಿನವೇ ತವರಿನಿಂದ ಕರೆ ಬಂತು. ಅವಳ ಅಕ್ಕನ ಹೆರಿಗೆ ಹತ್ತಿರವಾಗಿತ್ತು, ತಾಯಿಗೆ ಕೈಲಾಗುತ್ತಿರಲಿಲ್ಲ. ಗಿಡಗಳಲ್ಲಿ ಬಿಳಿ ಹೂ ಇತ್ತು, ಅಲ್ಲೊಂದು ಇಲ್ಲೊಂದು ಗೋಲಿಯಷ್ಟು ಕಾಯಿ. ಕೈಚೀಲ ಹಿಡಿದು ಹೊರಟವಳು ಹಿತ್ತಲಿಗೆ ಬಂದು, "ನೀರು ನಿನ್ನ ಜಿಮ್ಮಾ. ಹದಿನೈದು ದಿನದಾಗ ಬರತೀನಿ, ಮುಂದಿಂದು ಬಂದು ಹೇಳತೀನಿ," ಎಂದಳು. ಹೆರಿಗೆ ತಡವಾಯಿತು, ಬಾಣಂತನವೂ ಉದ್ದವಾಯಿತು. ಹದಿನೈದು ದಿನ ಹೋಗಿ ಶಿವರಾತ್ರಿ ಹತ್ತಿರ ಬಂತು, ಕಾಕಿ ಬರಲಿಲ್ಲ.

ನಾನು ದಿನಾ ಬಸ್ಸಿಗೆ ಮುಂಚೆ ಹನ್ನೆರಡು ಗಿಡಕ್ಕೂ ಒಂದೊಂದು ತಂಬಿಗೆ ನೀರು ಹಾಕುತ್ತಿದ್ದೆ. ಥಂಡಿಗೆ ಕೈ ಮರಗಟ್ಟುತ್ತಿತ್ತು. ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ, ಕಂಬಳಿ ಹೊದ್ದು ಬಿಸಿಲು ಹುಡುಕಿಕೊಂಡು ಮುತ್ಯಾ ಹಿತ್ತಲಿಗೆ ಬಂದ. ತಿಂಗಳಿಂದ ಪಡಸಾಲೆ ದಾಟಿರಲಿಲ್ಲ. ಗಿಡದ ಮುಂದೆ ನಿಂತ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಮೆಲ್ಲಗೆ ಕೂತ. ಒಂದು ಕಾಯಿಯನ್ನು ಹರಿಯದೆ, ಗಿಡದಲ್ಲಿರುವಂತೆಯೇ ಅಂಗೈಯಲ್ಲಿ ಹಿಡಿದ. ಅಂಗೈ ತುಂಬಿತು.

"ಏನವ್ವಾ ಇದು, ಬದನಿಕಾಯೋ?"

"ಶಿಮ್ಲಾ ಮಿರ್ಚಿ ಮುತ್ಯಾ. ಕಾಕಿ ಹಚ್ಚಿದ್ದು. ಖಾರ ಇರಂಗಿಲ್ಲಂತ."

"ಖಾರ ಇರಲಾರದ್ದಕ್ಕ ಮಿರ್ಚಿ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟ? ನೀರಿಲ್ಲದ ತೆಗ್ಗಿಗಿ ಬಾವಿ ಅಂದಂಗ ಆತು!"

ನಕ್ಕ. ದೀಪಾವಳಿಯ ನಂತರ ಆತ ನಕ್ಕದ್ದು ನಾನು ಕಂಡದ್ದು ಅದೇ ಮೊದಲು. ಮರುದಿನ ನಾನು ತಂಬಿಗೆ ಹಿಡಿದು ಹೋಗುವಷ್ಟರಲ್ಲಿ ಆತ ಅಲ್ಲೇ ಇದ್ದ. ಕಾಯಿಯ ಭಾರಕ್ಕೆ ಬಾಗಿದ ಗಿಡಗಳಿಗೆ ತೊಗರಿ ಕಟ್ಟಿಗೆ ಊರಿ, ಹಳೇ ಧೋತರದ ಅಂಚು ಹರಿದು ಕಟ್ಟುತ್ತಿದ್ದ. ಒಲೆಯ ಬೂದಿ ತರಿಸಿ ಎಲೆಗಳ ಮೇಲೆ ಉದುರಿಸಿದ. "ನೀರು ಬುಡಕ್ಕ ಹಾಕು, ನೆತ್ತಿಗಲ್ಲ. ನಿನಗ ಯಾರರೆ ತಲಿ ಮ್ಯಾಲ ತಣ್ಣೀರು ಹಾಕಿದ್ರ ಹ್ಯಾಂಗಾಗ್ತದ?" ಎಂದು ನನ್ನನ್ನು ಗದರಿಸಿದ. ಗದರಿಸುವ ದನಿ ಮನೆಗೆ ವಾಪಸ್ಸು ಬಂದದ್ದಕ್ಕೆ ಆಯಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಅವ್ವ ಎರಡು ಹಸಿರು ಕಾಯಿ ಹರಿದು ಪಲ್ಯ ಮಾಡೋಣವೆಂದು ಕೈ ಹಾಕಿದಳು. ಮುತ್ಯಾ ತಡೆದ.

"ಬ್ಯಾಡ. ಕೆಂಪಾಗಲಿ. ಒಣಗಸಿ ಕುಟ್ಟಸೋಣ. ಕೆಂಪು ಖಾರಪುಡಿ ಆಗ್ತದ, ಖಾರ ಇರಂಗಿಲ್ಲ. ಬ್ಯಾಳಿಗಿ ಹಾಕು, ಪಲ್ಯಾಕ ಹಾಕು, ರೊಟ್ಟಿ ಮ್ಯಾಲ ಎಣ್ಣಿ ಹಚ್ಚಿ ಉದುರಸು. ಆಗ ಡಾಕ್ಟರ ಏನಂತಾನ? ಬಾಯಿ ಮುಚ್ಚತಾನ!"

ನಲವತ್ತು ವರ್ಷ ಆತ ಮಾಡಿದ್ದೇ ಅದು. ಮೆಣಸಿನಕಾಯಿ ಎಂದರೆ ಗಿಡದಲ್ಲೇ ಕೆಂಪಾಗಬೇಕು, ಮಾಳಿಗೆಯ ಮೇಲೆ ಇಡಿಯಾಗಿ ಒಣಗಬೇಕು, ಗಲಗಲ ಸಪ್ಪಳ ಮಾಡಬೇಕು. ಅದರಲ್ಲಿ ಆತನಿಗೆ ಎದುರಾಡುವವರು ನಮ್ಮ ಊರಲ್ಲೇ ಇರಲಿಲ್ಲ, ಮನೆಯಲ್ಲಿ ಎಲ್ಲಿಂದ ಬರಬೇಕು? ಅಲ್ಲದೆ ಇನ್ನೊಂದು ನಡೆದಿತ್ತು. ಪುಡಿಯ ಮಾತು ಆಡುತ್ತ ಆಡುತ್ತ ಮುತ್ಯಾ ಆ ಮಧ್ಯಾಹ್ನ ಹಾಲಿನಲ್ಲಿ ಒಂದು ಪೂರಾ ರೊಟ್ಟಿ ಮುರಿದು ತಿಂದ. ಬರಲಿರುವ ರುಚಿಯ ಆಸೆಗೇ ಹಸಿವು ಹುಟ್ಟಿತ್ತು. ಆಯಿ ನಮ್ಮನ್ನೆಲ್ಲ ಅಡುಗೆಮನೆಗೆ ಕರೆದು, "ಯಾರರೆ ಒಂದು ಕಾಯಿ ಮುಟ್ಟಿದ್ರ ಕೈ ಮುರೀತೀನಿ," ಎಂದಳು. ಬೈಯುತ್ತಿದ್ದ ಗಿಡಗಳಿಗೆ ಅವಳೇ ಕಾವಲುಗಾರ್ತಿಯಾದಳು.

ಮೊದಲು ಒಂದು ಮಗ್ಗುಲಿಗೆ ಕಂದು ಬಣ್ಣ ಬಂತು. ಆಮೇಲೆ ಕುಂಕುಮದ ಹಾಗೆ ಹರಡಿತು. ಶಿವರಾತ್ರಿಗೆ ಹತ್ತು ದಿನ ಇರುವಾಗ ಮುತ್ಯಾ ಕೆಂಪಾದ ಕಾಯಿಗಳನ್ನು ತೊಟ್ಟಿನ ಸಮೇತ ಬಿಡಿಸಿ, ಬುಟ್ಟಿಯಲ್ಲಿ ತುಂಬಿ, ತಾನೇ ಏಣಿ ಹತ್ತಿದ. ಮಾಳಿಗೆಯ ಮೇಲೆ ಚಾಪೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ಹರವಿದ. ಇಪ್ಪತ್ತಮೂರು ಕಾಯಿ. ನೆರೆಮನೆಯ ಮಾಳಿಗೆಯಿಂದ ಒಬ್ಬಾಕೆ ಕೂಗಿದಳು, "ಏನ್ರಿ ಯಜಮಾನ್ರ, ಟಮಾಟಿ ಒಣಗಸಾಕತ್ತೀರೇನ್ರಿ?"

"ಹೌದವ್ವಾ. ಒಣಗಿದ ಮ್ಯಾಲ ಸಾರು ಮಾಡಿ ನಿಮ್ಮ ಮನಿಗೂ ಕಳಸತೀನಿ!"

ನಾನು ಒಂದು ಕಾಯಿ ಬೇಡಿದೆ, ಶಾಲೆಯ ಸಿಸ್ಟರಿಗೆ ತೋರಿಸಲು. ಮುತ್ಯಾ ಎಲ್ಲ ನೋಡಿ ಸಣ್ಣದೊಂದು ಆರಿಸಿ ಕೊಟ್ಟ. "ಘಾಟಬೋರಾಳದ ಮಾಲು ಅಂತ ಹೇಳು."

ನಮ್ಮ ವಿಜ್ಞಾನದ ಸಿಸ್ಟರ್ ಕೇರಳದವರು. ಪಾಠಪುಸ್ತಕದಿಂದ ಕನ್ನಡ ಕಲಿತವರು, ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. ಊಟದ ಬಿಡುವಿನಲ್ಲಿ ಅವರು ನನ್ನ ಕಾಯಿಯನ್ನು ತೊಳೆದು, ಸಣ್ಣ ಚಾಕುವಿನಿಂದ ಎರಡು ಹೋಳು ಮಾಡಿದರು. ಒಳಗೆ ಪುಟ್ಟ ಪುಟ್ಟ ಕೋಣೆಗಳು, ನಡುವೆ ಬಿಳಿಯ ಗದ್ದುಗೆಯ ಮೇಲೆ ಗುಂಪಾಗಿ ಕೂತ ಬೀಜಗಳು. ಕೊಯ್ದ ಕಡೆ ನೀರು ಜಿನುಗಿತು. ನನಗೊಂದು ತುಂಡು ಕೊಟ್ಟರು. ನಾಲಿಗೆ ಹೆದರಿಕೊಂಡೇ ಮುಟ್ಟಿತು. ಸಿಹಿಯಾಗಿತ್ತು.

"ತುಂಬ ಒಳ್ಳೆಯ ತರಕಾರಿ ಮಗು. ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವ ಇದರಲ್ಲಿದೆ. ಕೆಂಪಾದರೆ ಇನ್ನೂ ಹೆಚ್ಚು. ಹಸಿಯಾಗಿ ತಿನ್ನಬಹುದು, ಪಲ್ಯ ಮಾಡಬಹುದು, ಅನ್ನದಲ್ಲಿ ಹಾಕಬಹುದು."

"ಸಿಸ್ಟರ್, ಒಣಗಿಸಿದರೆ?"

"ಇಡಿಯಾಗಿಯೇ? ಅಯ್ಯೋ, ಇಲ್ಲ. ನೋಡು, ಎಷ್ಟು ದಪ್ಪ, ಎಷ್ಟು ನೀರು! ಒಣಗುವ ಮೊದಲೇ ಒಳಗೆ ಕೊಳೆಯುತ್ತದೆ."

"ಯೆಸ್ ಸಿಸ್ಟರ್," ಎಂದೆ. ನಮಗೆ ಕಲಿಸಿದ್ದು ಅದೊಂದೇ ಉತ್ತರ.

ಸಂಜೆ ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು ಉದ್ದಕ್ಕೂ ಮಾತು ಜೋಡಿಸಿದೆ. ಮುತ್ಯಾ, ಹಿಂಗಂತ ಮುತ್ಯಾ, ಇವತ್ತೇ ಇಳಿಸೋಣ ಮುತ್ಯಾ. ಮನೆಗೆ ಬಂದು ಏಣಿ ಹತ್ತಿದರೆ ಆತ ಚಾಪೆಯ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ, ಕಾಗೆ ಓಡಿಸಲು. ಮಧ್ಯಾಹ್ನದ ಊಟದ ತಾಟು ಅಲ್ಲೇ ಇತ್ತು. ಖಾಲಿಯಾಗಿತ್ತು. ಇಳಿಬಿಸಿಲಿನಲ್ಲಿ ಕಾಯಿಗಳು ಹೊಳೆಯುತ್ತಿದ್ದವು, ಆತನ ಮುಖವೂ.

"ಸಿಸ್ಟರ್ ಏನಂದ್ರು?"

"ಛಲೋ ಅವ ಅಂದ್ರು."

"ಮತ್ತ?"

"ಅಷ್ಟೇ."

ಸುಳ್ಳಲ್ಲ. ಆದರೆ ಆ ರಾತ್ರಿಯ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಲು ಹೆದರಿಕೆಯಾಯಿತು. ಹೇಳಿದರೆ ನಾಳೆ ತಾಟು ಮತ್ತೆ ತುಂಬಿಯೇ ವಾಪಸ್ಸು ಬರುತ್ತದೆ. ಹೇಳದಿದ್ದರೆ ಎಂಟು ದಿನವಾದರೂ ಉಣ್ಣುತ್ತಾನೆ. ಹನ್ನೊಂದು ವರ್ಷದ ಬುದ್ಧಿ ಅಷ್ಟೇ ಲೆಕ್ಕ ಹಾಕಿತು. ಎಂಟು ದಿನದಲ್ಲಿ ದೇವರು ಏನಾದರೂ ಮಾಡಿಯಾನು ಎಂದು ಉಳಿದದ್ದನ್ನು ಅವನಿಗೆ ಬಿಟ್ಟೆ.

ನಾಲ್ಕನೆಯ ದಿನ ಕಾಯಿಗಳ ಮೈ ಸುಕ್ಕಾಯಿತು. "ಮುದಡಾಕತ್ತ್ಯಾವ!" ಎಂದು ಮುತ್ಯಾ ಸಂಭ್ರಮಪಟ್ಟ. ಆರನೆಯ ದಿನ ಮಾಳಿಗೆಯಿಂದ ಹುಳಿ ವಾಸನೆ ಇಳಿಯಿತು, ಹಳಸಿದ ಸಾರಿನಂಥದು. ಅಂದು ಭಾನುವಾರ, ನಾನು ಆತನ ಹಿಂದೆಯೇ ಹತ್ತಿದೆ. ಚಾಪೆಯ ಸುತ್ತ ನೊಣ ಮುತ್ತಿದ್ದವು. ಮುತ್ಯಾ ಒಂದು ಕಾಯಿ ಎತ್ತಿದ. ಕೆಳಮಗ್ಗುಲು ಕಪ್ಪಾಗಿ ಚಾಪೆಗೆ ಅಂಟಿತ್ತು, ಹೆಬ್ಬೆರಳು ಒಳಗೆ ಹೋಯಿತು. ಇನ್ನೊಂದು ಎತ್ತಿದ. ಮತ್ತೊಂದು. ಬಿರುಕಿನಲ್ಲಿ ಬಿಳಿ ಬೂಸಲು. ಇಪ್ಪತ್ತೆರಡನ್ನೂ ಒಂದೊಂದಾಗಿ ಎತ್ತಿ ನೋಡಿದ, ಯಾವುದನ್ನೂ ಬಿಡಲಿಲ್ಲ. ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಚಾಪೆಯ ನಾಲ್ಕು ಮೂಲೆ ಕೂಡಿಸಿ ಗಂಟಿನ ಹಾಗೆ ಹಿಡಿದು, ತಿಪ್ಪೆಗೆ ತಾನೇ ಒಯ್ದು ಸುರಿದು ಬಂದ. ಯಾರ ಕೈಗೂ ಕೊಡಲಿಲ್ಲ.

ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

"ಹೋಗಲಿ ಬಿಡ್ರಿ, ಒಂದು ಕಾಯಿಪಲ್ಯಾ," ಎಂದಳು ಆಯಿ.

"ನಲವತ್ತು ವರ್ಷ ಬೆಳದೀನಿ ನಾ. ಕೈಯಾಗ ಹಿಡದ್ರ ತಿಳೀಬೇಕಿತ್ತಲ್ಲ ನನಗ, ಇದು ಒಣಗೋ ಮಾಲು ಅಲ್ಲಂತ. ಇನ್ನ ನನಗೇನೂ ತಿಳಿಯಂಗಿಲ್ಲ, ನಡೀ."

ಅಂದು ಊಟ ಮಾಡಲಿಲ್ಲ. ಮರುದಿನ ಎರಡು ಗುಟುಕು ಮಜ್ಜಿಗೆ. ಅದರ ಮರುದಿನ ಅದೂ ಇಲ್ಲ. ಅಪ್ಪ ಬೇಡಿಕೊಂಡರು, ಬೈದರು. ಆಯಿ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕದಲ್ಲಿ ಕೂತೇ ಇದ್ದಳು. ಖಾಲಿ ಹೊಟ್ಟೆಗೆ ಅದನ್ನು ಕೊಡುವ ಹಾಗಿರಲಿಲ್ಲ. ಕಾಕಾ ಬಸವಕಲ್ಯಾಣದ ಬಸ್ಸು ಹತ್ತಿ, ಕಾಕಿಯನ್ನು ಕರೆದುಕೊಂಡು ಬಂದರು.

ನಾನು ಬಸ್ಸು ನಿಲ್ಲುವಲ್ಲಿಗೇ ಓಡಿ, ಅವಳ ಸೀರೆ ಹಿಡಿದುಕೊಂಡು, ಸಿಸ್ಟರ್ ಹೇಳಿದ್ದು, ನಾನು ಹೇಳದೇ ಇದ್ದದ್ದು, ಎಲ್ಲವನ್ನೂ ಅಳುತ್ತ ಒಂದೇ ಉಸಿರಿನಲ್ಲಿ ಒದರಿದೆ. ಕಾಕಿ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಗಿಡದಾಗ ಇನ್ನ ಎಷ್ಟು ಉಳದಾವ?" ಎಂದಳು.

"ಹಸರು ಹದಿನೈದರೆ ಅವ. ಕೆಂಪು ಐದಾರು."

"ಸಾಕು. ಮಾರಿ ಒರಸ್ಕೋ."

ಅಂದು ಸಂಜೆಯೇ ಅವಳು ನಾಲ್ಕು ಹಸಿರು ಕಾಯಿ ಹರಿದು, ಹೊಟ್ಟೆ ಸೀಳಿ, ಕಡಲೆಹಿಟ್ಟು, ಶೇಂಗಾಪುಡಿ, ಜೀರಿಗೆ, ಚೂರು ಬೆಲ್ಲ ತುಂಬಿ ಬಾಣಲೆಯಲ್ಲಿ ಬೇಯಿಸಿದಳು. ಮನೆಯೆಲ್ಲ ಹಸಿಮೆಣಸಿನಕಾಯಿ ಹುರಿದ ಘಮ, ಆದರೆ ಯಾರಿಗೂ ಕೆಮ್ಮು ಬರಲಿಲ್ಲ. ಆಯಿ ತಾಟು ಒಯ್ದಳು. ಒಳಗಿನಿಂದ ಮುತ್ಯಾನ ದನಿ ಕೇಳಿಸಿತು.

"ಬ್ಯಾಡ ನನಗ. ಪಾಪ, ಆ ಹುಡುಗಿ ತವರಿಂದ ತೊಡಿ ಮ್ಯಾಲಿಟ್ಟು ತಂದದ್ದು ತಿಪ್ಪಿಗಿ ಹಾಕೀನಿ. ಇನ್ನ ಯಾವ ಬಾಯಿಲೇ ತಿನ್ನಲಿ?"

ಆಗ ನನಗೆ ಗೊತ್ತಾಯಿತು. ಇದು ಹೊಟ್ಟೆಯ ಹುಣ್ಣಿನ ಉಪವಾಸವಲ್ಲ.

ಮರುದಿನ ಬೆಳಿಗ್ಗೆ ಕಾಕಿ ತಲೆಯ ಮೇಲೆ ಸೆರಗು ಹೊದ್ದು ಮುತ್ಯಾನ ಕೋಣೆಯ ಹೊಸ್ತಿಲಾಚೆ ನಿಂತಳು. ಮಾವನ ಜೊತೆ ನೇರವಾಗಿ ಅಷ್ಟು ಮಾತಾಡಿದ್ದು ಅದೇ ಮೊದಲಿರಬೇಕು.

"ಮಾವಾರ, ಒಂದು ಕೇಳೋದಿತ್ರಿ."

ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು.

"ಮುಂದಿನ ಸಲಕ್ಕ ಬೀಜಾ ಹಿಡೀಬೇಕಂತ ಮಾಡೀನ್ರಿ. ಯಾವ ಗಿಡದ್ದು ಹಿಡೀಬೇಕು, ಯಾವ ಕಾಯಿ ಬಿಡಬೇಕು, ನನಗ ತಿಳಿಯವಲ್ದರಿ. ನಮ್ಮ ತವರಾಗ ಕೊಂಡು ತಿನ್ನೋದಷ್ಟೇ ಗೊತ್ತರಿ."

ಬೇಕೆಂದೇ ಕೇಳಿದಳೋ, ನಿಜವಾಗಿ ಗೊತ್ತಿರಲಿಲ್ಲವೋ, ಇವತ್ತಿನವರೆಗೂ ನಾನು ಕೇಳಿಲ್ಲ. ಒಳಗೆ ಮಂಚ ಕಿರುಗುಟ್ಟಿತು.

"ಬೀಜಾ ಕೆಂಪಾಗಿದ್ದರಾಗೇ ಹಿಡೀಬೇಕು. ಹಸರದಾಗಿಂದು ಮೊಳಕಿ ಒಡೆಯಂಗಿಲ್ಲ."

"ಕೆಂಪು ಆರು ಅವರಿ. ಆರೂ ಒಂದೇ ಥರ ಕಾಣತಾವರಿ ನನಗ."

"ಒಂದೇ ಥರ ಹ್ಯಾಂಗ ಇರ್ತಾವ?" ದನಿಯಲ್ಲಿ ಸ್ವಲ್ಪ ಸಿಟ್ಟು ಬಂತು. "ತಡಿ, ಬಂದೆ."

ಗೋಡೆ ಹಿಡಿದುಕೊಂಡು ಬಂದ. ನಾನು ಊರುಗೋಲಿನ ಹಾಗೆ ಪಕ್ಕದಲ್ಲಿ ನಿಂತೆ. ಆಯಿ, ಅವ್ವ, ಅಪ್ಪ, ಕಾಕಾ, ಒಬ್ಬೊಬ್ಬರೂ ಏನೋ ಕೆಲಸವಿದ್ದವರ ಹಾಗೆ ಹಿತ್ತಲಿಗೆ ಬಂದರು. ಮುತ್ಯಾ ಗಿಡದಿಂದ ಗಿಡಕ್ಕೆ ಹೋದ. ಎರಡು ಕಾಯಿಯನ್ನು ಬೇಡವೆಂದ, ಒಂದಕ್ಕೆ ತೊಟ್ಟು ಸೊಟ್ಟಗಿದೆ ಎಂದ. ನಡುವಿನ ಗಿಡದ ತುಂಬು ಕೆಂಪಿನ ಕಾಯಿಯೊಂದನ್ನು ಬಿಡಿಸಿ, ಕಲ್ಲಿನ ಮೇಲೆ ಕೂತು, ಕೈಯಿಂದಲೇ ಮುರಿದ. ಟಪ್ಪೆಂದು ಒಡೆಯಿತು. ಬೀಜ ಉದುರಿಸಿ ಕಾಕಿಯ ಸೆರಗಿನಲ್ಲಿ ಹಾಕಿದ. "ನೆರಳಾಗ ಒಣಗಸು. ಬಿಸಲಾಗಲ್ಲ."

ಮೆಣಸಿನಕಾಯಿ ಬೆಳೆಯುವವರಿಗೆ ಒಂದು ರೂಢಿ. ಬೀಜ ಹಿಡಿದ ಕಾಯಿಯ ಸಿಪ್ಪೆಯನ್ನು ಚೂರು ಕಡಿದು ನೋಡುತ್ತಾರೆ, ಜಾತಿ ಹೇಗಿದೆಯೆಂದು ತಿಳಿಯಲು. ಮುತ್ಯಾ ಸಾವಿರ ಸಲ ಮಾಡಿದ್ದ. ಈಗಲೂ ಯೋಚಿಸದೆಯೇ, ಕೈಯಲ್ಲಿ ಉಳಿದ ಹೋಳನ್ನು ಬಾಯಿಗಿಟ್ಟು ಕಡಿದ.

ಕರಕ್ ಎಂದಿತು. ನಾವು ಯಾರೂ ಅಲುಗಲಿಲ್ಲ. ಆತನೂ ಅಲುಗಲಿಲ್ಲ. ಖಾರ ಹತ್ತಲೆಂದು ಕಾಯುತ್ತಿದ್ದ, ಕಣ್ಣು ಕಿರಿದು ಮಾಡಿ. ಖಾರ ಬರಲಿಲ್ಲ. ಮೆಲ್ಲಗೆ ಅಗಿಯತೊಡಗಿದ. ಇನ್ನೊಂದು ಸಲ ಕಡಿದ. ಹೋಳು ಮುಗಿಯಿತು. ಎರಡನೆಯ ಹೋಳನ್ನು ಎತ್ತಿ ಮೂಸಿ ನೋಡಿದ.

"ಹ್ಯಾಂಗದರಿ?" ಆಯಿ ಪಿಸುಗುಟ್ಟಿದಳು.

"ಖಾರಿಲ್ಲ." ಅಗಿಯುತ್ತಲೇ ಹೇಳಿದ. "ಆದ್ರ ಮೆಣಸಿನಕಾಯಿ ಹೌದು. ವಾಸನಿ ಅದರದೇ ಅದ. ಕುಲಾ ಬಿಟ್ಟಿಲ್ಲ." ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, ಆಗಷ್ಟೇ ಕಂಡವನ ಹಾಗೆ, "ಎಲ್ಲಾರೂ ನನ್ನ ಬಾಯಿ ಏನು ನೋಡಾಕತ್ತೀರಿ? ಒಂದು ಬಿಸಿ ರೊಟ್ಟಿ ತರೋರು ಇಲ್ಲೇನು ಈ ಮನ್ಯಾಗ?"

ಅವ್ವ ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಕಾಕಿ ಇನ್ನೆರಡು ಕಾಯಿ ಹರಿದು ತೊಳೆದು ಕೊಟ್ಟಳು. ಹಿತ್ತಲಿನ ಕಲ್ಲಿನ ಮೇಲೆಯೇ ಕೂತು, ಒಂದು ತುತ್ತು ರೊಟ್ಟಿ ಒಂದು ಕಡಿತ ಶಿಮ್ಲಾ ಮಿರ್ಚಿಯಂತೆ ಮುತ್ಯಾ ಒಂದು ರೊಟ್ಟಿ ಮುಗಿಸಿ, ಎರಡನೆಯದಕ್ಕೆ ಕೈಚಾಚಿದ. ಆಯಿ ತಡೆದಳು. "ಮೂರು ದಿನದ ಖಾಲಿ ಹೊಟ್ಟಿ, ಸಾವಕಾಶ ರೀ." ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು.

ಎರಡು ದಿನ ಕಳೆದ ಮೇಲೆ ನಾನು ಮುತ್ಯಾನ ಮುಂದೆ ನಿಂತು ಹೇಳಿದೆ. "ಸಿಸ್ಟರ್ ಮೊದಲೇ ಹೇಳಿದ್ರು ಮುತ್ಯಾ, ಕೊಳೀತಾವಂತ. ನಾ ಹೇಳಲಿಲ್ಲ."

ಆತ ನನ್ನ ಜಡೆಯ ತುದಿಯ ರಿಬ್ಬನ್ ಸರಿಮಾಡುತ್ತ, "ಗೊತ್ತಿತ್ತವ್ವಾ. ಅವತ್ತು ಏಣಿ ಹತ್ತಿ ಬಂದಾಗ ನಿನ್ನ ಮಾರಿ ನೋಡೇ ತಿಳೀತು ಏನೋ ಅದ ಅಂತ. ನಾನೂ ಕೇಳಲಿಲ್ಲ," ಎಂದ. "ಕೇಳೂದು ಬ್ಯಾಡಾಗಿತ್ತು ನನಗ."

ಆ ಬೇಸಿಗೆಯ ತನಕ ಗಿಡಗಳು ಕೊಡುತ್ತಲೇ ಇದ್ದವು. ಆಯಿಯೂ ಸೋತು ಕೈ ಹಚ್ಚಿದಳು. ಕಾಯಿಯನ್ನು ಕೆಂಡದ ಮೇಲೆ ಸುಟ್ಟು ಸಿಪ್ಪೆ ಸುಲಿದು ಶೇಂಗಾ ಜೊತೆ ಕುಟ್ಟಿ ಚಟ್ನಿ ಮಾಡಿದಳು. ಕಡಲೆಹಿಟ್ಟಿನ ಝುಣಕದಲ್ಲಿ ಹಾಕಿದಳು, ಮೊಸರಿನಲ್ಲಿ ಕಲಸಿದಳು, ಅವ್ವ ಉಪ್ಪಿಟ್ಟಿಗೂ ಹೆಚ್ಚಿ ಹಾಕಿದಳು. ನನ್ನ ಡಬ್ಬಿಯಲ್ಲಿ ಹೋದ ಪಲ್ಯವನ್ನು ಸಿಸ್ಟರ್ ಒಂದು ಚಮಚ ರುಚಿ ನೋಡಿ, ಬೆಲ್ಲ ಯಾಕೆ ಎಂದು ಕೇಳಿದರು. ಮುತ್ಯಾನ ಧೋತರ ಮತ್ತೆ ಸೊಂಟದ ಮೇಲೆ ನಿಲ್ಲತೊಡಗಿತು. ಮುಂದಿನ ವರ್ಷ ಬೀಜ ಕೇಳಲು ಬಂದವರಿಗೆ, "ಒಣಗಸಬ್ಯಾಡ್ರಿ, ನಾ ಒಣಗಸಿ ಕೆಟ್ಟೀನಿ," ಎಂದು ತನ್ನ ಕಥೆಯನ್ನು ತಾನೇ ಹೇಳಿ ನಗಿಸುತ್ತಿದ್ದ. ಆ ಪಾಠ ಹೇಳುತ್ತ ಇನ್ನೂ ಒಂಬತ್ತು ವರ್ಷ ಬಾಳಿದ.

ಈಗ ನಾನು ಬಸವಕಲ್ಯಾಣದ ಸೊಸೆ. ನಮ್ಮ ಸಂತೆಯಲ್ಲಿ ವರ್ಷವಿಡೀ ಶಿಮ್ಲಾ ಮಿರ್ಚಿ ಸಿಗುತ್ತದೆ, ಹಳದಿಯದೂ ಸಿಗುತ್ತದೆ, ಮೇಣ ಸವರಿದ ಹಾಗೆ ಮಿರುಗುತ್ತದೆ. ಮಕ್ಕಳು ನೂಡಲ್ಸಿನಲ್ಲಿ ತಿನ್ನುತ್ತಾರೆ. ತರಕಾರಿಗೇನೂ ಕೊರತೆಯಿಲ್ಲ. ಕಡಿಮೆಯಾದದ್ದು ಬೇರೆ. ಆ ಮನೆಯಲ್ಲಿ ಯಾರು ಎಷ್ಟು ಉಂಡರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಒಬ್ಬರು ಅರ್ಧ ರೊಟ್ಟಿ ಬಿಟ್ಟರೆ ಹತ್ತು ಜನರ ಊಟ ಕೆಡುತ್ತಿತ್ತು. ಈಗ ಯಜಮಾನರು ಅಂಗಡಿಯಿಂದಲೇ ಫೋನಿನಲ್ಲಿ "ಊಟ ಆಯ್ತು" ಅನ್ನುತ್ತಾರೆ. ಮಗಳು ಟ್ಯೂಷನ್ನಿನಿಂದ ಬಂದು "ಆಯ್ತಮ್ಮ" ಅನ್ನುತ್ತಾಳೆ. ಏನು ಆಯಿತು, ಎಷ್ಟು ಆಯಿತು, ಕೇಳಿದರೆ ಇಬ್ಬರಿಗೂ ಬೇಸರ. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಕಾಕಿ ಈಗ ಹುಮನಾಬಾದಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಹೋದ ತಿಂಗಳು ಅವಳಿಗೆ ಜ್ವರ ಬಂದು ಬಾಯಿ ಕೆಟ್ಟಿದೆ, ಏನೂ ಸೇರುತ್ತಿಲ್ಲ ಎಂದು ಸೊಸೆ ಫೋನು ಮಾಡಿದಳು. ಬೆಳಿಗ್ಗೆ ಎದ್ದು ಶಿಮ್ಲಾ ಮಿರ್ಚಿ ಪಲ್ಯ ಮಾಡಿ, ಡಬ್ಬಿ ಕಟ್ಟಿಕೊಂಡು ಮಗಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಕಾಕಿ ದಿಂಬಿಗೆ ಒರಗಿ ಕೂತಿದ್ದಳು. ಮಂಚದ ಪಕ್ಕದಲ್ಲಿ ನಾನೊಬ್ಬಳು, ಸೊಸೆಯೊಬ್ಬಳು, ನೀರಿನ ಲೋಟ ಹಿಡಿದ ನನ್ನ ಮಗಳು. ಮೂವರೂ ಅವಳ ಮೊದಲ ತುತ್ತನ್ನೇ ನೋಡುತ್ತಿದ್ದೆವು. ನಿಧಾನವಾಗಿ ಅಗಿದು ನುಂಗಿದಳು.

"ಸೇರ್ತದೇನ ಕಾಕಿ?" ಎಂದೆ.

"ಸೇರಾಕತ್ತದ," ಎಂದಳು. "ಜರಾ ಉಪ್ಪು ಕಮ್ಮಿ ಆಗ್ಯಾದ. ನಾಳಿಗಿ ತರೋವಾಗ ನೋಡಿ ಹಾಕು."

ನಾಳೆಗೂ ಬರುತ್ತೇನೆಂದು ನಾನು ಹೇಳಿರಲೇ ಇಲ್ಲ. ಮರುದಿನ ಉಪ್ಪು ನೋಡಿ ಹಾಕಿದ್ದು ನನ್ನ ಮಗಳು.